ಐದು ಬೀಜಗಳ ರಿಪೋರ್ಟು

ಒಳ್ಳೆಯ ಸುದ್ದಿ ನನ್ನ ಬಾಯಲ್ಲಿ ನಿಲ್ಲುವುದಿಲ್ಲ. ಸಕ್ಕರೆ ಇಲ್ಲ, ಟೈಫಾಯ್ಡ್ ಇಲ್ಲ, ಡೆಂಗಿ ಇಲ್ಲ ಎಂದು ಗೊತ್ತಾದ ಕೂಡಲೇ, ರಿಪೋರ್ಟು ಅಚ್ಚಾಗುವ ಮೊದಲೇ, ಹೊರಗಿನ ಬೆಂಚಿನ ಮೇಲೆ ಕುಳಿತವರಿಗೆ ಒಳಗಿನಿಂದಲೇ ಕೂಗಿ ಹೇಳಿಬಿಡುತ್ತೇನೆ. ಕೆಟ್ಟ ಸುದ್ದಿ ಹೇಳುವುದು ಡಾಕ್ಟರ ಪಾಲಿಗೆ ಬಂದ ಕೆಲಸ, ಒಳ್ಳೆಯದನ್ನು ನಾನು ಹೇಳಿದರೆ ಯಾರ ಗಂಟು ಹೋಗುತ್ತದೆ ಎಂಬುದು ನನ್ನ ವಾದ. ನವಲಗುಂದ ಬಸ್ ಸ್ಟ್ಯಾಂಡಿನ ಎದುರಿನ ಓಣಿಯಲ್ಲಿರುವ ನನ್ನ ಎರಡು ಕೋಣೆಯ ಲ್ಯಾಬಿನಲ್ಲಿ ಇಷ್ಟು ವರ್ಷ ಈ ಚಟದಿಂದ ಯಾರಿಗೂ ಏನೂ ಆಗಿರಲಿಲ್ಲ. ಈ ಬೇಸಿಗೆಯಲ್ಲಿ ಮಾತ್ರ ಅದು ಏಳು ವರ್ಷದ ಒಬ್ಬ ಹುಡುಗಿಯ ಜೀವಕ್ಕೆ ಬರುವುದರಲ್ಲಿತ್ತು.

ಹುಡುಗಿ ಬಂದದ್ದು ತಾಯಿ ಮತ್ತು ಅಜ್ಜಿಯ ಜೊತೆಗೆ. ಮನೆಯಲ್ಲೇ ಮಗ್ಗ ಹಾಕಿಕೊಂಡು ಜಮಖಾನೆ ನೇಯುವವರು. ಅತ್ತೆ ಸೊಸೆ ಇಬ್ಬರೂ ಕುಳಿತಲ್ಲೇ ಕುಳಿತು ಕೆಲಸ ಮಾಡಿ ಬೆನ್ನು, ಮೊಣಕಾಲು ಎಂದು ಆಗಾಗ ರಕ್ತ ಪರೀಕ್ಷೆಗೆ ನನ್ನಲ್ಲಿಗೆ ಬರುತ್ತಿದ್ದರು, ಹಾಗಾಗಿ ಪರಿಚಯ ಹಳೆಯದು. ಈ ಸಲ ಕೈಯಲ್ಲಿದ್ದದ್ದು ಸರ್ಕಾರಿ ಆಸ್ಪತ್ರೆಯ ಮಕ್ಕಳ ಡಾಕ್ಟರ ಚೀಟಿ. ಬೀಜಗಳಿಗೆ ಅಲರ್ಜಿ ಇದೆಯೇ ನೋಡಿ ಎಂದು ಒಂದೇ ಸಾಲು ಬರೆದಿದ್ದರು.

"ಏನಾಗಿತ್ರಿ?" ಎಂದು ತಾಯಿಯನ್ನು ಕೇಳಿದೆ. ಉತ್ತರ ಬಂದದ್ದು ಅಜ್ಜಿಯಿಂದ.

"ನಾನ ಮಾಡೇನಿ ಬೇಟಿ. ನನ್ನ ಕೈಲೇ ಮಾಡೇನಿ."

ರಂಜಾನ್ ಹಬ್ಬದ ದಿನ ಬೆಳಿಗ್ಗೆ ಅವರ ಮನೆಯಲ್ಲಿ ಸುರಕುಂಬಾ ಮಾಡಿದ್ದರು. ಹಾಲು, ತುಪ್ಪದಲ್ಲಿ ಹುರಿದ ಶಾವಿಗೆ, ಖರ್ಜೂರ, ಒಣಹಣ್ಣು ಎಲ್ಲ ಸೇರಿದ ಪಾಯಸ. ಈ ಹುಡುಗಿ ಪ್ರತಿ ವರ್ಷವೂ ಬಟ್ಟಲ ಮುಂದೆ ಕುಳಿತು ಗೋಡಂಬಿ, ಪಿಸ್ತಾ ಚೂರುಗಳನ್ನೆಲ್ಲ ಬೆರಳಿನಿಂದ ಆರಿಸಿ ಆರಿಸಿ ಅಂಚಿಗೆ ಇಡುತ್ತಿದ್ದಳಂತೆ. ನಾಲ್ಕು ಜನರ ಮುಂದೆ ಮಗು ಹಾಗೆ ಮಾಡುವುದು ಅಜ್ಜಿಗೆ ಸರಿ ಕಾಣುತ್ತಿರಲಿಲ್ಲ. ಮೇಲಾಗಿ ಹುಡುಗಿ ಸೊರಗಿದ್ದಾಳೆ, ಮೈ ಹಿಡಿಯಲಿ ಎಂಬ ಆಸೆ. ಅದಕ್ಕೇ ಈ ವರ್ಷ ಅವಳ ಪಾಲಿನ ಚೂರುಗಳನ್ನೆಲ್ಲ ನುಣ್ಣಗೆ ಅರೆದು ಹಾಲಿನಲ್ಲಿ ಕಲಸಿಬಿಟ್ಟಿದ್ದರು. ಆರಿಸಲು ಏನೂ ಸಿಗದೆ ಹುಡುಗಿ ಅರ್ಧ ಬಟ್ಟಲು ಕುಡಿದಳು. ಕಾಲು ಗಂಟೆಯೊಳಗೆ ತುಟಿ ಊದಿತು, ಮೈ ತುಂಬ ದದ್ದು ಎದ್ದವು, ವಾಂತಿಯಾಯಿತು, ಆಮೇಲೆ ಉಸಿರು ಸಿಗದೆ ಒದ್ದಾಡಿದಳು. ಅಪ್ಪ ಹೊಸ ಬಟ್ಟೆಯಲ್ಲೇ ಬೈಕಿನ ಮೇಲೆ ಎತ್ತಿ ಹಾಕಿಕೊಂಡು ಆಸ್ಪತ್ರೆಗೆ ಓಡಿದ. ತೊಡೆಗೆ ಒಂದು ಇಂಜೆಕ್ಷನ್ ಬಿದ್ದ ಮೇಲೆ ಹುಡುಗಿ ಕಣ್ಣು ಬಿಟ್ಟಳು.

"ನಾಲ್ಕ ಮಿನಿಟ್ ತಡಾ ಆಗಿದ್ರ ಕೂಸ ಇರ್ತಿದ್ದಿಲ್ಲಂತ್ರಿ ಅಕ್ಕಾರ," ಎಂದಳು ತಾಯಿ. "ಅವತ್ತಿನಿಂದ ಅತ್ತಿಯಾರು ಒಲಿ ಮುಂದ ಬರೂದ ಬಿಟ್ಟಾರ."

ಅಜ್ಜಿ ಗೋಡೆಯ ಕಡೆ ಮುಖ ಮಾಡಿದರು.

ಇಂಥ ದೊಡ್ಡ ಪೆಟ್ಟು ಬಿದ್ದ ಹೊಸತರಲ್ಲಿ ರಕ್ತ ತೆಗೆದರೆ ಪರೀಕ್ಷೆ ಸುಳ್ಳು ಹೇಳಬಹುದು, ಆದ್ದರಿಂದ ಡಾಕ್ಟರು ಒಂದೂವರೆ ತಿಂಗಳು ಬಿಟ್ಟು ಹೋಗಿರೆಂದಿದ್ದರು. ಚರ್ಮದ ಮೇಲೆ ಚುಚ್ಚಿ ನೋಡುವ ಪರೀಕ್ಷೆಯೂ ಇದೆ, ಆದರೆ ಅದಕ್ಕೆ ಹುಬ್ಬಳ್ಳಿಗೆ ಹೋಗಬೇಕು, ಅಲರ್ಜಿ ಮಾತ್ರೆಯನ್ನು ಕೆಲವು ದಿನ ನಿಲ್ಲಿಸಬೇಕು. ಹೆದರಿದ ಮನೆಯವರು ಮಾತ್ರೆ ನಿಲ್ಲಿಸಲು ಸುತರಾಂ ಒಪ್ಪಿರಲಿಲ್ಲ. ರಕ್ತ ಪರೀಕ್ಷೆಗೆ ಆ ಮಾತ್ರೆಯ ಅಡ್ಡಿಯಿಲ್ಲ. ನಮ್ಮ ಮೈ ಒಂದು ತಿನಿಸನ್ನು ವೈರಿ ಎಂದು ಹಿಡಿದಿದ್ದರೆ, ಆ ತಿನಿಸಿಗೆಂದೇ ಹುಟ್ಟಿದ ಒಂದು ಪ್ರೋಟೀನು ರಕ್ತದಲ್ಲಿ ತಿರುಗುತ್ತಿರುತ್ತದೆ. ಅದು ಎಷ್ಟಿದೆ ಎಂದು ಅಳೆಯುವುದೇ ಈ ಪರೀಕ್ಷೆ. ಅಳೆಯುವ ಯಂತ್ರ ನನ್ನಲ್ಲಿಲ್ಲ. ನಾನು ರಕ್ತ ತೆಗೆದು ಹುಬ್ಬಳ್ಳಿಯ ದೊಡ್ಡ ಲ್ಯಾಬಿಗೆ ಕಳಿಸಬೇಕು.

ಹುಡುಗಿ ಎರಡೂ ಕೈಗಳನ್ನು ತಾಯಿಯ ಬುರ್ಖಾದೊಳಗೆ ಬಚ್ಚಿಟ್ಟುಕೊಂಡಿದ್ದಳು. ಆಸ್ಪತ್ರೆಯ ಸೂಜಿ ನೆನಪಿತ್ತು. ನಾನು ಸ್ಟೂಲು ಎಳೆದುಕೊಂಡು ಅವಳಷ್ಟೇ ಎತ್ತರಕ್ಕೆ ಕುಳಿತೆ.

"ಎಷ್ಟ ಸಲ ಚುಚ್ಚತೀರಿ?" ಎಂದಳು.

"ಒಂದ ಸಲ."

"ಆಮ್ಯಾಲೆ ಮತ್ತ ಕರಿಯೂದಿಲ್ಲಲ್ಲ?"

"ಕರಿಯೂದಿಲ್ಲವ್ವಾ. ನನ್ನಾಣೆ."

ಆಣೆ ಮಾಡಿದ್ದು ಅತಿಯಾಯಿತು, ಒಪ್ಪುತ್ತೇನೆ. ಆದರೆ ಕೈ ಹೊರಗೆ ಬಂತು. ರಬ್ಬರ್ ಪಟ್ಟಿ ಕಟ್ಟಿ, ಮಕ್ಕಳಿಗೆಂದು ಇಟ್ಟಿರುವ ಸಣ್ಣ ಸೂಜಿ ಹಾಕಿ, ಹಳದಿ ಮುಚ್ಚಳದ ಟ್ಯೂಬಿಗೆ ಎರಡು ಮಿಲಿ ರಕ್ತ ತೆಗೆದೆ. ಅವಳು ಅಳಲಿಲ್ಲ; ನನ್ನ ಮೂಗುತಿಯನ್ನೇ ದಿಟ್ಟಿಸುತ್ತ ಕುಳಿತಿದ್ದಳು. ಅರ್ಧ ಗಂಟೆ ರಕ್ತ ಹೆಪ್ಪುಗಟ್ಟಲು ಬಿಟ್ಟು, ಸೆಂಟ್ರಿಫ್ಯೂಜಿನಲ್ಲಿ ಹತ್ತು ನಿಮಿಷ ತಿರುಗಿಸಿದೆ. ಮೇಲೆ ನಿಂತ ಹಳದಿ ತಿಳಿಯನ್ನು, ಅಂದರೆ ಸೀರಮನ್ನು, ಎರಡು ಸಣ್ಣ ಟ್ಯೂಬುಗಳಿಗೆ ಪಾಲು ಮಾಡಿದೆ. ಒಂದು ಹುಬ್ಬಳ್ಳಿಗೆ, ಒಂದು ನನ್ನ ಫ್ರೀಜರಿಗೆ. ಮಕ್ಕಳ ರಕ್ತದಲ್ಲಿ ಅರ್ಧ ಯಾವಾಗಲೂ ಎತ್ತಿಡು, ಎರಡನೇ ಸಲ ಸೂಜಿ ಹಿಡಿಯುವ ಪಾಪ ತಪ್ಪುತ್ತದೆ ಎಂದು ನನಗೆ ಕೆಲಸ ಕಲಿಸಿದವರು ಹೇಳಿದ್ದರು.

ಇಲ್ಲಿಯವರೆಗೆ ನನ್ನ ಕೆಲಸದಲ್ಲಿ ಹುಳುಕಿಲ್ಲ. ಹುಳುಕು ಬಂದದ್ದು ಹುಬ್ಬಳ್ಳಿಯ ಲ್ಯಾಬಿನ ಫಾರಂ ತುಂಬುವಾಗ. ಅದರಲ್ಲಿ ಒಂದೊಂದು ತಿನಿಸಿಗೂ ಒಂದೊಂದು ಚೌಕ, ಇಂಗ್ಲಿಷಿನಲ್ಲಿ, ಇರುವೆ ಸಾಲಿನಷ್ಟು ಸಣ್ಣ ಅಕ್ಷರ. ಎಲ್ಲಕ್ಕೂ ಮೇಲೆ ಒಂದು ದಪ್ಪ ಚೌಕ: ಬೀಜಗಳ ಮಿಶ್ರಣ. ಡಾಕ್ಟರು ಬರೆದದ್ದು ಬೀಜಗಳು ಎಂದು, ಇಲ್ಲಿ ಇರುವುದು ಬೀಜಗಳು, ಒಂದೇ ಗುರುತಿಗೆ ಐದು ಬೀಜ ಸಿಗುತ್ತವೆ, ರಕ್ತವೂ ಕಡಿಮೆ ಸಾಕು ಎಂದು ನನ್ನ ಜಾಣತನಕ್ಕೆ ನಾನೇ ಮೆಚ್ಚಿ ಅದಕ್ಕೇ ಗುರುತು ಹಾಕಿದೆ. ಆ ಐದು ಯಾವುವು ಎಂದು ಫಾರಮಿನ ಹಿಂದೆ ಅಚ್ಚಾಗಿತ್ತು. ನಾನು ಫಾರಮನ್ನು ತಿರುಗಿಸಲೇ ಇಲ್ಲ.

ಐದನೆಯ ದಿನ ಫೋನಿಗೆ ರಿಪೋರ್ಟು ಬಂತು. ಬೀಜಗಳ ಮಿಶ್ರಣ: ನೆಗೆಟಿವ್. ಅಜ್ಜಿ ಎರಡು ದಿನದಿಂದ ಸಂಜೆ ಸಂಜೆ ಬಂದು ಬೆಂಚಿನ ಮೇಲೆ ಕುಳಿತು ಹೋಗುತ್ತಿದ್ದರು, ಅವತ್ತೂ ಇದ್ದರು. ನಾನು ಒಳಗಿನಿಂದಲೇ ಕೂಗಿದೆ, "ಅಮ್ಮಾರ, ಏನೂ ಇಲ್ರೀ! ಬೀಜದ್ದ ಏನೂ ಇಲ್ಲ!"

ಅಜ್ಜಿ ಎದ್ದು ಬಂದು ಬಾಗಿಲಲ್ಲಿ ನಿಂತರು. "ಮತ್ತೊಮ್ಮೆ ಹೇಳ," ಎಂದರು. ಮತ್ತೊಮ್ಮೆ ಹೇಳಿದೆ. ಸೆರಗಿನಿಂದ ಮುಖ ಮುಚ್ಚಿಕೊಂಡು ಅಲ್ಲೇ ಹೊಸ್ತಿಲ ಮೇಲೆ ಕುಳಿತು ಅತ್ತರು. "ಹಂಗಾರ ನನ್ನ ಕೈಯಿಂದ ಆಗಿಲ್ಲ. ಗಾಳಿ ಬಡದಿರಬೇಕು, ಇಲ್ಲಾ ಯಾವುದಾರ ಹುಳಾ ಕಚ್ಚಿರಬೇಕು. ನನ್ನ ಕೈಯಿಂದ ಆಗಿಲ್ಲ." ಆಮೇಲೆ ಕಣ್ಣೊರೆಸಿಕೊಂಡು, "ಬಕ್ರೀದಿಗೆ ನಾನ ಮಾಡ್ತೇನಿ ಸುರಕುಂಬಾ. ಆಕೀಗೆ ನಾನ ಉಣಸ್ತೇನಿ. ನಿನಗೂ ಡಬ್ಬಿ ಬರ್ತದ," ಎಂದರು. ಬಕ್ರೀದಿಗೆ ಇನ್ನು ಹತ್ತು ಹನ್ನೊಂದು ದಿನವಿತ್ತು. ಡಾಕ್ಟರಿಗೆ ರಿಪೋರ್ಟು ತೋರಿಸಿಕೊಂಡು ಬನ್ನಿ ಎಂದೆ. ಸೋಮವಾರ ಹೋಗುತ್ತೇವೆ, ಇನ್ನೇನು ಅವಸರ ಎಂದರು.

ಮರುದಿನ ಅಮಾವಾಸ್ಯೆ. ನಮ್ಮ ಕಡೆ ಅಂಗಡಿ, ಗಾಡಿ, ಯಂತ್ರಗಳಿಗೆಲ್ಲ ಅಮಾವಾಸ್ಯೆಗೊಮ್ಮೆ ಪೂಜೆ. ನನ್ನ ಲ್ಯಾಬಿನಲ್ಲೂ ಸೆಂಟ್ರಿಫ್ಯೂಜಿಗೆ ವಿಭೂತಿ ಪಟ್ಟೆ, ಸೂಕ್ಷ್ಮದರ್ಶಕಕ್ಕೆ ಹೂವು, ಬಾಗಿಲಿಗೆ ನಿಂಬೆಹಣ್ಣು ಮೆಣಸಿನಕಾಯಿ. ಪೂಜೆಗೆ ಮೊದಲು ತೊಳೆದು ಬಳಿಯುವ ಕೆಲಸ ನಮ್ಮ ಆಯಾಳದು. ಫ್ರೀಜರಿನಲ್ಲಿ ಉಳಿದ ಹಳೆಯ ಸೀರಮ್ಮನ್ನೆಲ್ಲ ಅವತ್ತೇ ತೆಗೆದು, ಔಷಧಿಯ ನೀರಿನಲ್ಲಿ ಮುಳುಗಿಸಿ ವಿಲೇವಾರಿಗೆ ಹಾಕುವುದು ನಾನೇ ಮಾಡಿದ ನಿಯಮ. ಅವತ್ತೂ ಹಾಗೇ ನಡೆಯಿತು. ಕಾಯಿ ಒಡೆದೆವು, ಪ್ರಸಾದ ಹಂಚಿದೆವು.

ಅದರ ಮರುದಿನ ಮಧ್ಯಾಹ್ನ ರೋಗಿಗಳಿರಲಿಲ್ಲ. ಬಿಸಿಲಿಗೆ ಬೀದಿಯಲ್ಲಿ ನಾಯಿ ಕೂಡ ಇರಲಿಲ್ಲ. ರಿಪೋರ್ಟುಗಳನ್ನು ಅಚ್ಚು ಮಾಡಿ ಲಕೋಟೆಗೆ ಹಾಕುತ್ತ ಕುಳಿತಿದ್ದೆ. ಆ ಹುಡುಗಿಯ ರಿಪೋರ್ಟು ಕೈಗೆ ಬಂತು. ಫೋನಿನಲ್ಲಿ ನೋಡುವಾಗ ಮೇಲಿನ ಸಾಲು ಮಾತ್ರ ಕಂಡಿತ್ತು. ಕಾಗದದ ಮೇಲೆ ಕೆಳಗಿನ ಸಾಲೂ ಇತ್ತು. ಮಿಶ್ರಣದಲ್ಲಿರುವ ಬೀಜಗಳು: ಶೇಂಗಾ, ಬದಾಮಿ, ಕೊಬ್ಬರಿ, ಹೇಝಲ್ ನಟ್, ಬ್ರೆಜಿಲ್ ನಟ್.

ಎರಡು ಸಲ ಓದಿದೆ. ಶೇಂಗಾ ಚಟ್ನಿ ಇಲ್ಲದೆ ನಮ್ಮ ಸೀಮೆಯಲ್ಲಿ ರೊಟ್ಟಿ ಗಂಟಲಿಗೆ ಇಳಿಯುವುದಿಲ್ಲ. ಆ ಹುಡುಗಿಯೂ ಹುಟ್ಟಿದಾಗಿನಿಂದ ತಿಂದವಳೇ. ಕೊಬ್ಬರಿಯೂ ಹಾಗೇ. ನೆನೆಸಿದ ಬದಾಮಿ ದಿನಾ ಬೆಳಿಗ್ಗೆ ಎರಡು ಕೊಡುತ್ತೇವೆ ಎಂದು ತಾಯಿಯೇ ಹೇಳಿದ್ದಳು. ಉಳಿದೆರಡನ್ನು ನವಲಗುಂದದ ಕಿರಾಣಿ ಅಂಗಡಿಯವರು ಕನಸಿನಲ್ಲೂ ಕಂಡಿಲ್ಲ. ಅಂದರೆ ಅವಳು ದಿನಾ ತಿನ್ನುವ ಮೂರು, ಎಂದೂ ತಿನ್ನದ ಎರಡು. ಅವತ್ತು ಅಜ್ಜಿ ಅರೆದು ಹಾಕಿದ್ದ ಗೋಡಂಬಿ ಇಲ್ಲ, ಪಿಸ್ತಾ ಇಲ್ಲ. ಯಾವುದೋ ದೇಶದ ಅಡುಗೆಮನೆ ನೋಡಿ ಮಾಡಿದ ಮಿಶ್ರಣವನ್ನು ನಾನು ನಮ್ಮೂರ ಸುರಕುಂಬಾಕ್ಕೆ ಅಳತೆಗೋಲು ಮಾಡಿ, ಏನೂ ಇಲ್ಲ ಎಂದು ಸಾರಿಬಿಟ್ಟಿದ್ದೆ. ರಿಪೋರ್ಟು ಸುಳ್ಳಲ್ಲ. ಸುಳ್ಳು ಹೇಳಿದವಳು ನಾನು.

ಕೂಡಲೇ ಡಾಕ್ಟರಿಗೆ ಫೋನು ಮಾಡಿದೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ಬೈಯದೆ, "ನಾನೂ ಬೀಜ ಅಂತ ಅಷ್ಟ ಬರದೇನಿ, ಹೆಸರ ಹಿಡದ ಬರೀಬೇಕಿತ್ತು. ಇರ್ಲಿ. ಆ ಮನ್ಯಾಗ ಯಾರೂ ಏನೂ ಉಣಿಸಿಲ್ಲಲ್ಲ?" ಎಂದರು.

"ಬಕ್ರೀದಿನ ತನಕಾ ಉಣಿಸೂದಿಲ್ಲಂದಾರ್ರಿ."

"ಇವತ್ತ ಹೋಗಿ ಹೇಳ್ರಿ. ಫೋನಿನ್ಯಾಗ ಬ್ಯಾಡ. ಸೀರಮ್ ಉಳದೈತೇನು?"

ನಿನ್ನೆಯೇ ಫ್ರೀಜರು ತೊಳೆದದ್ದು ನೆನಪಾಯಿತು. ನೋಡಿ ಹೇಳುತ್ತೇನೆ ಎಂದು ಫೋನಿಟ್ಟೆ. ಫ್ರೀಜರಿನ ಬಾಗಿಲು ತೆಗೆದರೆ ಒಳಗೆ ಹೊಸ ಮದುಮಗಳ ಮನೆಯಷ್ಟು ಸ್ವಚ್ಛ. ಐಸ್ ಪ್ಯಾಕು ಬಿಟ್ಟರೆ ಏನೂ ಇಲ್ಲ.

"ಆಯಾ! ಇಲ್ಲಿದ್ದ ಟ್ಯೂಬ್ ಎಲ್ಲಾ ಹೋದೂ?"

ಆಯಾ ಕಸಬರಿಗೆ ಹಿಡಿದೇ ಬಂದಳು. "ನೀವ ಹೇಳಿದ್ರೆಲ್ಲ, ಎಲ್ಲಾ ತಗದ ಹಾಕು ಅಂತ."

"ಆ ಹುಡುಗೀದು? ಮೊನ್ನೆ ಬಂದಿತ್ತಲ್ಲ, ಜಮಖಾನಿಯವರ ಕೂಸು?"

ಆಯಾ ಕಸಬರಿಗೆಯ ಕಡ್ಡಿ ಎಣಿಸುವವಳಂತೆ ತಲೆ ತಗ್ಗಿಸಿದಳು. "ಬೈಬ್ಯಾಡ್ರಿ ಮತ್ತ."

"ಬೈಯೂದಿಲ್ಲ, ಹೇಳ."

"ಸಣ್ಣ ಹುಡುಗೂರದ ನಾ ಅಮಾಸಿ ದಿನಾ ಚೆಲ್ಲೂದಿಲ್ರಿ. ಬಾಜು ತಗದ ಇಟ್ಟ, ಎರಡ ದಿನಾ ಬಿಟ್ಟ ಹಾಕ್ತೇನಿ. ಹುಡುಗೂರ ರಕ್ತಾ ಅಮಾಸ್ಯಾಗ ಚೆಲ್ಲಾಕ ಜೀವಾ ಒಲ್ಲದು."

ಐಸ್ ಪ್ಯಾಕಿನ ಹಿಂದೆ ಕೈ ಹಾಕಿ, ಸ್ಟೀಲಿನ ಸಣ್ಣ ಡಬ್ಬಿಯೊಂದನ್ನು ಹೊರಗೆ ತೆಗೆದಳು. ಅದರಲ್ಲಿ ನಾಲ್ಕು ಟ್ಯೂಬು, ನಾಲ್ಕೂ ಮಕ್ಕಳದು. ಒಂದರ ಮೇಲೆ ನನ್ನದೇ ಕೈಬರಹದಲ್ಲಿ ಆ ಹುಡುಗಿಯ ಹೆಸರು. ಎಷ್ಟು ವರ್ಷದಿಂದ ಈ ಕಳ್ಳಾಟ ನಡೆದಿದೆಯೋ ದೇವರೇ ಬಲ್ಲ. ಬೇರೆ ದಿನವಾಗಿದ್ದರೆ ನಿಯಮ ಮುರಿದದ್ದಕ್ಕೆ ಅರ್ಧ ಗಂಟೆ ಉಪದೇಶ ಮಾಡುತ್ತಿದ್ದೆ. ಅವತ್ತು ಅವಳನ್ನು ಕಸಬರಿಗೆ ಸಮೇತ ಅಪ್ಪಿಕೊಂಡೆ. ಆಯಾಗೆ ನಾಚಿಕೆಯಾಗಿ, "ಏನ್ರೀ ಇದು," ಎಂದು ಬಿಡಿಸಿಕೊಂಡು ಓಡಿದಳು.

ಹುಬ್ಬಳ್ಳಿಯ ಲ್ಯಾಬಿಗೆ ಫೋನು ಮಾಡಿ, ಇಷ್ಟು ಸೀರಮ್ಮಿನಲ್ಲಿ ಬಿಡಿ ಬಿಡಿಯಾಗಿ ಎಷ್ಟು ಪರೀಕ್ಷೆ ಆಗುತ್ತವೆ ಎಂದು ಕೇಳಿದೆ. ಮೂರು, ಅದಕ್ಕಿಂತ ಹೆಚ್ಚು ಆಗುವುದಿಲ್ಲ ಎಂದರು. ಹಾಗಾದರೆ ಯಾವ ಮೂರು ಎಂದು ಅಂದಾಜಿನ ಮೇಲೆ ಗುರುತು ಹಾಕುವಂತಿಲ್ಲ. ಒಮ್ಮೆ ಅಂದಾಜು ಮಾಡಿ ಆಗಿತ್ತು. ಆ ಪಾಯಸಕ್ಕೆ ಏನೇನು ಬಿದ್ದಿತ್ತು ಎಂದು ಮಾಡಿದ ಕೈಯನ್ನೇ ಕೇಳಬೇಕು.

ಅವರ ಮನೆ ಹೊಕ್ಕಾಗ ತಾಯಿ ಮಗ್ಗದ ಮುಂದಿದ್ದಳು. ಹುಡುಗಿ ಅವಳ ಪಕ್ಕದಲ್ಲಿ ಕುಳಿತು ಬಣ್ಣದ ನೂಲಿನ ಉಂಡೆ ಸುತ್ತುತ್ತಿದ್ದಳು. ನನ್ನನ್ನು ನೋಡಿದ್ದೇ ಕೈ ಹಿಂದೆ ಹೋದವು. ಅಜ್ಜಿ ಒಳಗೆ ಒಲೆಯ ಮುಂದೆ ಚಹಾ ಕಾಸುತ್ತಿದ್ದರು. ಎರಡು ತಿಂಗಳ ಮೇಲೆ ಒಲೆ ಮುಂದೆ ಬಂದವರು. ನಾನು ಅದನ್ನು ಕಿತ್ತುಕೊಳ್ಳಲು ಹೋಗಿದ್ದೆ.

ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. "ಅಮ್ಮಾರ, ನಾ ತಪ್ಪ ಹೇಳೇನಿ. ಆ ಟೆಸ್ಟಿನ್ಯಾಗ ಗ್ವಾಡಂಬಿ ಇದ್ದಿಲ್ಲ, ಪಿಸ್ತಾ ಇದ್ದಿಲ್ಲ. ಪೂರ್ತಿ ಓದಲಾರದ ಏನೂ ಇಲ್ಲ ಅಂದೆ," ಎಂದೆ.

ಅಜ್ಜಿ ಒಲೆ ಆರಿಸಿದರು.

"ಹಂಗಾರ ನನ್ನ ಕೈಲೇ ಆಗೇದ."

"ಅದನ್ನ ನೋಡಬೇಕಾಗೈತ್ರಿ."

"ಮೊನ್ನಿ ಯಾಕ ಕೂಗಿ ಹೇಳಿದಿ ಮತ್ತ? ನಾ ಇಡೀ ಓಣಿಗೆ ಹೇಳ್ಕೋತ ಬಂದೆ. ನಾ ಎರಡ ರಾತ್ರಿ ನಿದ್ದಿ ಮಾಡಿದೆ ಬೇಟಿ, ಎರಡ ತಿಂಗಳಿಗೆ ಎರಡ ರಾತ್ರಿ."

ತಲೆ ತಗ್ಗಿಸಿ ನಿಂತೆ. ಬೈದಿದ್ದರೆ ಹಗುರಾಗುತ್ತಿತ್ತು. ತಾಯಿ ಮಗ್ಗದಿಂದ ಎದ್ದು ಬಂದು ಅತ್ತೆಯ ಹೆಗಲ ಮೇಲೆ ಕೈ ಇಟ್ಟು ತಮ್ಮ ಮಾತಿನಲ್ಲಿ ಏನೋ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿ, "ಅಕ್ಕಾರು ಬಕ್ರೀದ್ ಆದ ಮ್ಯಾಲೆ ಬಂದ ಹೇಳಿದ್ರ ಏನ ಮಾಡ್ತಿದ್ವಿ? ಈಗ ಬಂದಾರಲ್ಲ," ಎಂದಳು. ಅಜ್ಜಿ ಸೊಸೆಯ ಮುಖ ನೋಡಿದರು, ನನ್ನ ಮುಖ ನೋಡಿದರು.

"ಏನ ಮಾಡಬೇಕೀಗ, ಹೇಳ."

"ಅವತ್ತ ಏನೇನ ಹಾಕಿದ್ರಿ, ಒಂದೂ ಬಿಡಲಾರದ ತೋರಸ್ರಿ."

ಅಜ್ಜಿ ಕಪಾಟಿನಿಂದ ಡಬ್ಬಿಗಳನ್ನು ಒಂದೊಂದಾಗಿ ತೆಗೆದು ನೆಲದ ಮೇಲೆ ಸಾಲಾಗಿ ಇಟ್ಟರು. ನಾನು ಪೆನ್ನು ಹಿಡಿದು ಎದುರಿಗೆ ಕುಳಿತೆ. ಇಷ್ಟು ವರ್ಷ ರಕ್ತ ತಿರುಗಿಸಿದ್ದೇನೆ, ಆದರೆ ಪರೀಕ್ಷೆ ಅಂದರೆ ಏನು ಎಂದು ನನಗೆ ತಿಳಿದದ್ದು ಆ ನೆಲದ ಮೇಲೆ.

"ಹಾಲು," ಎಂದರು ಅಜ್ಜಿ.

"ದಿನಾ ಕುಡೀತಾಳೇನ್ರಿ?"

"ಎರಡ ಹೊತ್ತು."

"ಹಂಗಾರ ಬಿಡ್ರಿ. ಮುಂದ?"

ಶಾವಿಗೆ ಗೋದಿಯದು, ಚಪಾತಿ ದಿನಾ ತಿನ್ನುತ್ತಾಳೆ, ಬಿಟ್ಟೆವು. ಖರ್ಜೂರವನ್ನು ರೋಜಾ ಉಪವಾಸದ ತಿಂಗಳು ಪೂರ್ತಿ ಸಂಜೆ ದೊಡ್ಡವರ ಜೊತೆ ತಿಂದಿದ್ದಾಳೆ, ಬಿಟ್ಟೆವು. ಒಣದ್ರಾಕ್ಷಿ ಕದ್ದು ತಿನ್ನುತ್ತಾಳೆ ಎಂದು ತಾಯಿ ನಕ್ಕಳು, ಅದೂ ಹೋಯಿತು. ಬದಾಮಿ ಹೋಯಿತು. ತುಪ್ಪ, ಸಕ್ಕರೆ, ಏಲಕ್ಕಿ ಹೋದವು. ಕೊನೆಗೆ ನೆಲದ ಮೇಲೆ ನಾಲ್ಕು ಡಬ್ಬಿ ಉಳಿದವು: ಗೋಡಂಬಿ, ಪಿಸ್ತಾ, ಗಸಗಸೆ ಮತ್ತು ಇನ್ನೊಂದರಲ್ಲಿ ತೊಗರಿಬೇಳೆಯಷ್ಟೇ ಇರುವ ಕಂದು ಬಣ್ಣದ ಸಣ್ಣ ಬೀಜ.

"ಇದು ಚಾರೋಳಿ. ಇದ ಇಲ್ಲಂದ್ರ ಸುರಕುಂಬಾನ ಅಲ್ಲ," ಎಂದರು ಅಜ್ಜಿ.

"ಇದನ್ನೂ ಆರಿಸಿ ಇಡ್ತಿದ್ದಳೇನ್ರಿ?"

ಅಷ್ಟರಲ್ಲಿ ಹಿಂದಿನಿಂದ ಹುಡುಗಿಯ ದನಿ ಬಂತು. "ಅವೆಲ್ಲಾ ಬಾಯಾಗ ಕಡೀತಾವ್ರಿ."

ನಾವು ಮೂವರೂ ತಿರುಗಿ ನೋಡಿದೆವು. "ಕಡೀತಾವಂದ್ರ?" ಎಂದೆ.

"ನಾಲಿಗಿ ಮ್ಯಾಲೆ ಇರಿವಿ ಹೋದಂಗ ಆಗ್ತದ. ಅದಕ್ಕ ತಗೀತಿದ್ದೆ."

"ಮತ್ತ ಹೇಳಬೇಕಿಲ್ಲೇನ ಬೇ!" ಎಂದಳು ತಾಯಿ.

"ಎಲ್ಲಾರಿಗೂ ಹಂಗ ಆಗ್ತದಂತ ತಿಳಿದಿದ್ದೆ."

ಅಜ್ಜಿ ಆ ಹುಡುಗಿಯನ್ನು ಹತ್ತಿರ ಎಳೆದುಕೊಂಡು ತಲೆ ಸವರಿದರು. ಇಷ್ಟು ವರ್ಷ ಹಟವೆಂದು ಎಲ್ಲರೂ ಗದರಿಸುತ್ತಿದ್ದ ಆ ಆರಿಸುವ ಅಭ್ಯಾಸವೇ ಮಗುವಿನ ಜೀವ ಕಾದಿತ್ತು. "ಮತ್ತ ಚುಚ್ಚಾಕ ಬಂದೀರೇನ್ರಿ?" ಎಂದು ಅವಳು ನನ್ನನ್ನು ಕೇಳಿದಾಗ, "ಇಲ್ಲವ್ವಾ, ಆಣಿ ಹಾಕೇನಲ್ಲ," ಎಂದೆ. ಮನಸ್ಸಿನಲ್ಲಿ ಆಯಾಗೆ ಕೈ ಮುಗಿದೆ.

ಚಾರೋಳಿಗೆ ಪರೀಕ್ಷೆ ಇದೆಯೇ ಎಂದು ಅಲ್ಲಿಂದಲೇ ಹುಬ್ಬಳ್ಳಿಗೆ ಕೇಳಿದೆ. "ಆ ಹೆಸರಿಂದ ನಮ್ಮ ಲಿಸ್ಟಿನ್ಯಾಗ ಇಲ್ರಿ," ಎಂದರು. ಹಾಗಾಗಿ ಮೂರು ಚೌಕ ತಾವೇ ತೀರ್ಮಾನವಾದವು. ಗೋಡಂಬಿ, ಪಿಸ್ತಾ, ಗಸಗಸೆ. ಡಾಕ್ಟರಿಗೆ ಓದಿ ಹೇಳಿದೆ, ಸರಿ ಎಂದರು. ಈ ಸಲ ಫಾರಮನ್ನು ಹಿಂದೆ ಮುಂದೆ ಮೂರು ಸಲ ತಿರುಗಿಸಿ ನೋಡಿದ ಮೇಲೇ ಗುರುತು ಹಾಕಿದ್ದು.

ಸಾಮಾನ್ಯವಾಗಿ ನಮ್ಮ ಸ್ಯಾಂಪಲ್ ಡಬ್ಬಿ ಹುಬ್ಬಳ್ಳಿ ಬಸ್ಸಿನ ಡ್ರೈವರ ಕೈಯಲ್ಲಿ ಹೋಗುತ್ತದೆ, ಅಲ್ಲಿ ಲ್ಯಾಬಿನವರು ಬಂದು ಇಳಿಸಿಕೊಳ್ಳುತ್ತಾರೆ. ಡ್ರೈವರುಗಳು ಒಳ್ಳೆಯವರು. ಔಷಧಿಯ ವಸ್ತು, ಜೋಪಾನವಾಗಿರಲಿ ಎಂದು ಅದನ್ನು ತಮ್ಮ ಪಕ್ಕದಲ್ಲೇ, ಎಂಜಿನ್ನಿನ ಬಿಸಿ ಮುಚ್ಚಳದ ಮೇಲೆ ಇಟ್ಟುಕೊಳ್ಳುತ್ತಾರೆ. ಚಳಿಗಾಲದಲ್ಲಿ ನಡೆಯುತ್ತದೆ. ಈ ಬಿಸಿಲಿನಲ್ಲಿ ಐಸೆಲ್ಲ ಕರಗಿ, ಹಿಂದಿನ ವಾರ ಬೇರೆಯವರ ಎರಡು ಸ್ಯಾಂಪಲ್ಲು ತಿರಸ್ಕಾರವಾಗಿ ಬಂದಿದ್ದವು. ಇದು ಹೋದರೆ ಮತ್ತೆ ಇಲ್ಲ. ಲ್ಯಾಬನ್ನು ಆಯಾಗೆ ಒಪ್ಪಿಸಿ ನಾನೇ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಬೆಳಗಿನ ಬಸ್ಸು ಹತ್ತಿದೆ. ಪಕ್ಕದಲ್ಲಿ ನನ್ನ ತವರು ಶಲವಡಿಯ ಒಬ್ಬ ಮುದುಕಿ ಸಿಕ್ಕಳು.

"ಡಬ್ಯಾಗೇನ ಐಸಕ್ರೀಮ್ ಏನ ಯವ್ವಾ?"

"ಅಲ್ಲಬೇ ಆಯಿ, ರಕ್ತದ ತಿಳಿ."

ಆಮೇಲೆ ಹುಬ್ಬಳ್ಳಿಯ ತನಕ ಮುದುಕಿ ನನ್ನಿಂದ ಒಂದು ಮೊಳ ದೂರವೇ ಕುಳಿತಿದ್ದಳು. ನನಗೂ ಕೈ ಚಾಚಿ ಕುಳಿತುಕೊಳ್ಳಲು ಜಾಗವಾಯಿತು. ಲ್ಯಾಬಿನ ಕಿಟಕಿಯಲ್ಲಿ ಡಬ್ಬಿ ತೆರೆದಾಗ ಐಸು ಇನ್ನೂ ಗಟ್ಟಿಯಿತ್ತು. ರಸೀದಿ ಕೈಗೆ ಬಂದ ಮೇಲೆ ಒಂದು ಗಿರಮಿಟ್ಟು ತಿಂದು, ಚಹಾ ಕುಡಿದು, ಮಧ್ಯಾಹ್ನದ ಬಸ್ಸಿಗೆ ಮರಳಿದೆ.

ಬಕ್ರೀದಿಗೆ ಮೂರು ದಿನ ಇರುವಾಗ ರಿಪೋರ್ಟು ಬಂತು. ಅಜ್ಜಿ ಬೆಂಚಿನ ಮೇಲಿದ್ದರು. ನಾನು ಕೂಗಲಿಲ್ಲ. ಅಚ್ಚು ಮಾಡಿದೆ, ಮೇಲಿನಿಂದ ಕೆಳಗಿನ ತನಕ ಬೆರಳಿಟ್ಟು ಓದಿದೆ, ಲಕೋಟೆಗೆ ಹಾಕಿದೆ, ಬಾಗಿಲಿಗೆ ಬೀಗ ಹಾಕಿ ಅಜ್ಜಿಯ ಜೊತೆ ನಾನೂ ಆಸ್ಪತ್ರೆಗೆ ಹೊರಟೆ.

ಡಾಕ್ಟರು ಕಾಗದ ಬಿಡಿಸಿದರು. ಗೋಡಂಬಿ ಇಪ್ಪತ್ತೊಂದು, ಪಿಸ್ತಾ ಹತ್ತೊಂಬತ್ತು. ಒಂದರಲ್ಲಿ ಅರ್ಧ ದಾಟಿದರೂ ಗಮನಿಸಬೇಕಾದ ಲೆಕ್ಕವದು. ಗಸಗಸೆಗೆ ಏನೂ ಇಲ್ಲ.

"ಅಂಕಿ ನೋಡಿ ಹೆದರಬ್ಯಾಡ್ರಿ," ಎಂದರು ಡಾಕ್ಟರು. "ಎಷ್ಟ ಜೋರ ಆಗ್ತೈತಿ ಅಂತ ಅಂಕಿ ಹೇಳೂದಿಲ್ಲ. ಯಾವುದು ಅಂತ ಹೇಳ್ತೈತಿ, ಅದೂ ಅವತ್ತಿನ ಕಥಿ ಜೋಡಿ ಕೂಡಿದಾಗ. ಎರಡೂ ಕೂಡ್ತಾವ. ಗ್ವಾಡಂಬಿ, ಪಿಸ್ತಾ ಆಕೀಗೆ ಪೂರ್ತಿ ಬಂದ್. ಚಾರೋಳೀನೂ ಅದ ಕುಲದ್ದು, ಟೆಸ್ಟ್ ಇಲ್ಲಂದ್ರೂ ಬಂದ್."

"ಮಾವಿನಹಣ್ಣು ರೀ? ಅದೂ ಅದ ಕುಲಾ ಅಂತ ಓದಿದ್ದೆ," ಎಂದೆ ನಾನು. ಆ ವಾರ ಅಷ್ಟನ್ನು ಓದಿಕೊಂಡಿದ್ದೆ.

"ಈ ಸೀಜನ್ನಿನ್ಯಾಗ ತಿಂದಾಳೇನು?"

"ದಿನಾ ಎರಡ," ಎಂದರು ಅಜ್ಜಿ.

"ಏನೂ ಆಗಿಲ್ಲಲ್ಲ? ತಿನ್ಲಿ ಹಂಗಾರ. ತಿಂದ ಅರಗಿಸಿಕೊಂಡದ್ದನ್ನ ಕಾಗದಾ ನೋಡಿ ಬಿಡಸಬಾರದು."

ಆಕಸ್ಮಿಕವಾಗಿ ಏನಾದರೂ ಬಾಯಿಗೆ ಹೋದರೆ ಏನು ಮಾಡಬೇಕು, ಕಾಯದೆ ಆಸ್ಪತ್ರೆಗೆ ತರಬೇಕು, ಯಾವ ಇಂಜೆಕ್ಷನ್ ಕೇಳಬೇಕು ಎಂದು ಡಾಕ್ಟರು ಬರೆದುಕೊಟ್ಟರು, ಶಾಲೆಗೊಂದು ಪ್ರತಿ, ಮನೆಗೊಂದು ಪ್ರತಿ. ಅಜ್ಜಿ ಕಾಗದ ಮಡಚಿ ಕೈಚೀಲಕ್ಕೆ ಹಾಕಿದರು. ಅಳುತ್ತಾರೆಂದುಕೊಂಡಿದ್ದೆ, ಅಳಲಿಲ್ಲ. ಹೊರಗೆ ಬೇವಿನ ಮರದ ಕೆಳಗೆ ನಿಂತು, "ನನ್ನ ಕೈಲೇ ಆಗೇದ, ಖರೆ. ಆದ್ರ ಈಗ ಯಾತರಿಂದ ಅಂತ ಗೊತ್ತಾತು. ಗೊತ್ತಿಲ್ಲದ್ದಕ್ಕ ಎಲ್ಲಾದಕ್ಕೂ ಅಂಜತಿದ್ದೆ. ಇನ್ನ ಮೂರಕ್ಕ ಅಷ್ಟ ಅಂಜಿದ್ರ ಸಾಕು," ಎಂದರು.

ನಾನು ಮೂರು ವಸ್ತು ಬಿಟ್ಟು ಹುಡುಗಿಗೆ ಬೇರೆ ಪಾತ್ರೆಯಲ್ಲಿ ಮಾಡಿಕೊಡಿ ಎಂದೆ. ಅಜ್ಜಿ ನನ್ನನ್ನು ತಿಳಿಗೇಡಿಯಂತೆ ನೋಡಿದರು.

"ಹಬ್ಬದ ದಿನಾ ಕೂಸು ಒಂದ ಮನ್ಯಾಗ ಕುಂದರತದೇನ? ಓಣ್ಯಾಗ ಎಲ್ಲಾರ ಮನ್ಯಾಗೂ ಹೋಗ್ತದ. ಎಲ್ಲಾರೂ ಒಂದೊಂದ ಬಟ್ಟಲಾ ಕೈಗೆ ಕೊಡ್ತಾರ. ಎಷ್ಟ ಮನಿ ಬಾಗಿಲಾ ಕಾಯಲಿ ನಾ?"

ಅದನ್ನು ನಾನೂ ಡಾಕ್ಟರೂ ಯೋಚಿಸಿರಲಿಲ್ಲ. ಅವತ್ತು ಸಂಜೆಯೇ ಅಜ್ಜಿ ರಿಪೋರ್ಟು ಹಿಡಿದುಕೊಂಡು ಓಣಿಯ ಹನ್ನೊಂದು ಮನೆಗಳನ್ನೂ ಹತ್ತಿ ಇಳಿದರೆಂದು ಆಮೇಲೆ ತಾಯಿ ಹೇಳಿದಳು. ಒಬ್ಬರ ಮನೆಯಲ್ಲಿ, ಚಾರೋಳಿ ಇಲ್ಲದೆ ಅದೆಂಥ ಸುರಕುಂಬಾ ಎಂದು ಗೊಣಗಿದರಂತೆ. "ನಾನೂ ಹಂಗ ಅಂತಿದ್ದೆ," ಎಂದು ಅಜ್ಜಿ ಅಲ್ಲೇ ಕುಳಿತುಬಿಟ್ಟರಂತೆ, ಹೂಂ ಅನ್ನುವ ತನಕ ಏಳಲಿಲ್ಲವಂತೆ.

ಬಕ್ರೀದಿನ ದಿನ ಬೆಳಿಗ್ಗೆ ಹತ್ತರ ಸುಮಾರಿಗೆ ಡಬ್ಬಿ ಬಂತು. ತಂದವಳು ಆ ಹುಡುಗಿಯೇ, ಹಸಿರು ಜರಿಯ ಲಂಗ ತೊಟ್ಟು, ಹಿಂದೆ ಅಜ್ಜಿ. ಹುಡುಗಿಯ ತುಟಿಯ ಮೇಲೆ ಹಾಲಿನ ಬಿಳಿ ಗೆರೆ ಇನ್ನೂ ಒರೆಸಿರಲಿಲ್ಲ. ನಾನು ಮೊದಲು ನೋಡಿದ್ದು ಆ ತುಟಿಯನ್ನೇ. ಊದಿರಲಿಲ್ಲ.

"ಅಕ್ಕಾರ, ಈ ಸಲ ನಾ ಏನೂ ಆರಿಸಿ ತಗದಿಲ್ರಿ. ಎರಡ ಬಟ್ಟಲಾ ಕುಡದೇನಿ."

"ನಾಕ ಮನ್ಯಾಗ," ಎಂದರು ಅಜ್ಜಿ. "ಎರಡ ಅಂತಾಳ ಸುಳ್ಳಿ."

ಆಯಾ ಚಮಚ ತಂದುಕೊಟ್ಟಳು. ಡಬ್ಬಿಯ ಮುಚ್ಚಳ ತೆಗೆದರೆ ತುಪ್ಪದ, ಏಲಕ್ಕಿಯ ಘಮ. ಮೇಲೆ ತೇಲುವ ಗೋಡಂಬಿ ಇರಲಿಲ್ಲ, ಬದಲಿಗೆ ಬದಾಮಿಯ ಹೋಳು, ಖರ್ಜೂರದ ಎಳೆ. ಬಾಯಿಗಿಡುವ ಮೊದಲು ಅಭ್ಯಾಸ ಬಲದಿಂದ ಚಮಚವನ್ನು ತಳದವರೆಗೆ ಹಾಕಿ ಒಂದು ಸುತ್ತು ತಿರುಗಿಸಿ ನೋಡಿದೆ. ಹುಡುಗಿ ಡಬ್ಬಿಯ ಮೇಲೆ ಬಗ್ಗಿ ನನ್ನ ಜೊತೆಗೇ ನೋಡಿದಳು.

"ಪೂರ್ತಿ ನೋಡಿದ್ರಿ?"

"ನೋಡಿದೆನವ್ವಾ. ತಳದ ಮಟಾ."

"ಹಂಗಾರ ಕೂಗಿ ಹೇಳ್ರಿ," ಎಂದರು ಬಾಗಿಲಲ್ಲಿ ನಿಂತಿದ್ದ ಅಜ್ಜಿ.

ನಾನು ಬೀದಿಗೆಲ್ಲ ಕೇಳುವ ಹಾಗೆ ಕೂಗಿದೆ. "ಏನೂ ಇಲ್ರೀ ಅಮ್ಮಾರ! ಏನೂ ಇಲ್ಲ!"